ಹಡಗುಗಳು ತುಸು ಆಚೆ ಸರಿದರೆ ಸಾಕು

ಶ್ರೀಲಂಕಾದ ದಕ್ಷಿಣ ಕಡಲಲ್ಲಿ 2003ರಲ್ಲಿ ಸಂಶೋಧನಾ ಹಡಗೊಂದರಲ್ಲಿದ್ದ ಕಡಲ ಜೀವವಿಜ್ಞಾನಿ ಆಶಾ ಡಿ ವೋಸ್ ಅವರಿಗೆ ಆರು ನೀಲಿ ತಿಮಿಂಗಿಲಗಳು ಒಂದೇ ಕಡೆ ಕಂಡವು. ಪಕ್ಕದಲ್ಲೇ ಕೆಂಪಗೆ ತೇಲುತ್ತಿತ್ತು ಅವುಗಳ ಲದ್ದಿ. ನಾವಾದರೆ ಮೂಗು ಮುಚ್ಚಿಕೊಳ್ಳುತ್ತಿದ್ದೆವು. ಆಶಾ ಯೋಚನೆಗೆ ಬಿದ್ದರು. ದೊಡ್ಡ ತಿಮಿಂಗಿಲಗಳು ತಣ್ಣನೆಯ ಕಡಲಲ್ಲಿ ಮೇದು, ಮರಿ ಹಾಕಲು ಬೆಚ್ಚನೆಯ ನೀರಿಗೆ ಬರುತ್ತವೆ ಎಂದೇ ಪುಸ್ತಕಗಳು ಹೇಳುತ್ತಿದ್ದವು. ಲದ್ದಿ ಇದೆಯೆಂದರೆ ಇವು ಇಲ್ಲೇ ಉಣ್ಣುತ್ತಿವೆ ಎಂದಲ್ಲವೇ?

ಕೊಲಂಬೊದಲ್ಲಿ ಹುಟ್ಟಿ ಬೆಳೆದ ಈ ಹುಡುಗಿಯ ತಲೆಗೆ ಕಡಲಿನ ಹುಚ್ಚು ಹತ್ತಿಸಿದ್ದು ಅಪ್ಪ ತರುತ್ತಿದ್ದ ಹಳೆಯ ‘ನ್ಯಾಷನಲ್ ಜಿಯಾಗ್ರಫಿಕ್’ ಸಂಚಿಕೆಗಳು. ಓದಿದ್ದು ಸ್ಕಾಟ್ಲೆಂಡಿನಲ್ಲಿ, ಆಕ್ಸ್‌ಫರ್ಡಿನಲ್ಲಿ, ಪಿಎಚ್.ಡಿ. ಆಸ್ಟ್ರೇಲಿಯಾದಲ್ಲಿ. ಕೆಲಸಕ್ಕೆ ಮಾತ್ರ ಮರಳಿದ್ದು ತನ್ನೂರ ನೀರಿಗೇ. ಇಲ್ಲಿನ ಅನೇಕ ತಿಮಿಂಗಿಲಗಳು ದಕ್ಷಿಣ ಧ್ರುವದ ಕಡೆ ಹೋಗದೆ ವರ್ಷವಿಡೀ ಹಿಂದೂ ಮಹಾಸಾಗರದ ಉತ್ತರ ಭಾಗದಲ್ಲೇ ಉಳಿಯುತ್ತವೆ. ಇಲ್ಲಿ ಅವುಗಳ ಊಟ ಪುಟ್ಟ ಸೀಗಡಿ.

ಊಟ ಸಿಗುವ ಜಾಗದಲ್ಲೇ ಕುತ್ತೂ ಇದೆ. ಸೂಯೆಜ್ ಕಡೆಯಿಂದ ಸಿಂಗಪುರದತ್ತ ಸಾಗುವ ಸರಕು ಹಡಗುಗಳು ದ್ವೀಪದ ದಕ್ಷಿಣ ತುದಿಯ ದೊಂಡ್ರಾವನ್ನು ಸವರಿಕೊಂಡೇ ಹೋಗುತ್ತವೆ. 2012ರಲ್ಲಿ ಕೊಲಂಬೊ ಬಂದರಿಗೆ ಬಂದ ಕಂಟೇನರ್ ಹಡಗೊಂದರ ಮೂತಿಗೆ ಸತ್ತ ನೀಲಿ ತಿಮಿಂಗಿಲವೊಂದು ಅಡ್ಡಲಾಗಿ ಸಿಕ್ಕಿಕೊಂಡಿತ್ತು. ಅಷ್ಟು ದೊಡ್ಡ ಪ್ರಾಣಿಗೆ ಗುದ್ದಿದರೂ ಹಡಗಿನವರಿಗೆ ತಿಳಿಯದೇ ಹೋಗಬಹುದು! ಹೀಗೆ ದಡ ಕಂಡದ್ದು ಲೆಕ್ಕಕ್ಕಾದರೂ ಸಿಕ್ಕಿತು, ನಡುಗಡಲಲ್ಲಿ ಮುಳುಗಿಹೋದವನ್ನು ಎಣಿಸುವವರು ಯಾರು?

ಪರಿಹಾರಕ್ಕೆ ದೊಡ್ಡ ಯಂತ್ರವೇನೂ ಬೇಕಿಲ್ಲ. ಹಡಗು ದಾರಿಯನ್ನು 15 ನಾಟಿಕಲ್ ಮೈಲಿ, ಅಂದರೆ ಸುಮಾರು 28 ಕಿ.ಮೀ., ದಕ್ಷಿಣಕ್ಕೆ ಸರಿಸಿದರೆ ಡಿಕ್ಕಿಯ ಅಪಾಯ ಶೇ 95ರಷ್ಟು ತಗ್ಗುತ್ತದೆಂದು 2016ರ ಅಧ್ಯಯನವೊಂದು ಲೆಕ್ಕ ಹಾಕಿತ್ತು. ದಡದ ಹತ್ತಿರ ಬಲೆ ಬೀಸುವ ಮೀನುಗಾರರಿಗೂ ಅದು ಕ್ಷೇಮ. ಗೊತ್ತಿರುವುದನ್ನು ಹಡಗಿನ ಕಂಪನಿ, ಸರ್ಕಾರಗಳ ಕಿವಿಗೆ ಹಾಕುವುದೇ, ನನಗನಿಸುವಂತೆ, ಇಂಥ ವಿಜ್ಞಾನಿಗಳ ಬದುಕಿನ ಬಹುಭಾಗವನ್ನು ತಿಂದುಬಿಡುತ್ತದೆ.

ವಿದೇಶಿ ತಜ್ಞರು ಬಂದಿಳಿದು, ಮಾಹಿತಿ ಬಾಚಿಕೊಂಡು ಹೊರಟುಹೋಗುವ ರೂಢಿಯನ್ನೂ ಆಶಾ ಬಿಡದೆ ಟೀಕಿಸುತ್ತಾರೆ. 2017ರಲ್ಲಿ ಅವರು ಕಟ್ಟಿದ ‘ಓಷನ್ಸ್‌ವೆಲ್’ ಸಂಸ್ಥೆ ಸ್ಥಳೀಯ ಯುವಜನರನ್ನೇ ಈ ಕೆಲಸಕ್ಕೆ ತಯಾರು ಮಾಡುತ್ತಿದೆ. ಇನ್ನು ಹಡಗು ದಾರಿಯ ವಿಚಾರ: ಹಲವು ಸಂಘಟನೆಗಳ ಒತ್ತಾಯದ ನಂತರ, 2022ರಲ್ಲಿ ದೈತ್ಯ ಹಡಗು ಕಂಪನಿ ಎಂಎಸ್‌ಸಿ ತನ್ನ ಹಡಗುಗಳನ್ನು ದಕ್ಷಿಣದ ದಾರಿಗೆ ತಿರುಗಿಸಿತು. ಆದರೆ ಅದು ಕಂಪನಿಯ ಸ್ವಂತ ತೀರ್ಮಾನ. ಬೇರೆ ಹಡಗುಗಳನ್ನು ಅದು ಕಟ್ಟಿಹಾಕುವುದಿಲ್ಲ.