ಗಣಕಯಂತ್ರದೊಳಗಿನ ಮುಂಗಾರು

ಸಾಗರದ ಬಳಿಯ ವರದಾಮೂಲದಲ್ಲಿ ಹುಟ್ಟಿದ ವರದೆಯು ಹಾವೇರಿ ಜಿಲ್ಲೆಯ ಗಳಗನಾಥದಲ್ಲಿ ತುಂಗಭದ್ರೆಯನ್ನು ಕೂಡುತ್ತದೆ. ಸಂಗಮದ ದಡದಲ್ಲಿ ಚಾಲುಕ್ಯರ ಕಾಲದ ಗಳಗೇಶ್ವರ ದೇವಾಲಯವಿದೆ. ಇಲ್ಲಿ ಹರಿಯುವ ನೀರು ಬಹುಮಟ್ಟಿಗೆ ಮಲೆನಾಡಿನ ಕೊಡುಗೆ. ತುಂಗೆಗೆ ನೀರುಣಿಸುವ ಆಗುಂಬೆಯ ಸೀಮೆಯಲ್ಲಿ ವರ್ಷಕ್ಕೆ 7000 ಮಿಲಿಮೀಟರಿಗೂ ಮೀರಿ ಮಳೆಯಾದರೆ, ಹಾವೇರಿಯ ಬಯಲಿಗೆ ದೊರೆಯುವುದು ಅದರ ಹತ್ತನೆಯ ಒಂದು ಪಾಲಿನಷ್ಟು ಮಾತ್ರ. ಆದುದರಿಂದ ಇಲ್ಲಿಯ ಒಕ್ಕಲಿಗನಿಗೆ ಎರಡು ಭಯಗಳು: ಮೇಲಿನ ಮಳೆಯಿಂದ ನೆರೆ, ಊರಿನ ಮಳೆ ತಪ್ಪಿದರೆ ಬರ. 2019ರ ಆಗಸ್ಟಿನಲ್ಲಿ ಜಿಲ್ಲೆಯ ನದಿಗಳು ಉಕ್ಕಿ ಹರಿದವು. 2023ರಲ್ಲಿ ಕರ್ನಾಟಕದ 223 ತಾಲೂಕುಗಳು ಬರಪೀಡಿತವೆನಿಸಿದವು.

ಮುಂದಿನ ಮಳೆ ಹೇಗೆ? ಇದನ್ನರಿಯಲು ಈ ನಾಡಿನ ಜನ ಮೈಲಾರದ ಕಾರಣಿಕಕ್ಕೆ ಕಿವಿಗೊಡುತ್ತಾರೆ. ಗೊರವಯ್ಯ ಬಿಲ್ಲನ್ನೇರಿ ನುಡಿದ ಒಂದೇ ಮಾತಿನಲ್ಲಿ ವರ್ಷದ ಮಳೆಬೆಳೆಯನ್ನು ಅರ್ಥೈಸುತ್ತಾರೆ. ವಿಜ್ಞಾನಿಯೂ ಇದೇ ಪ್ರಶ್ನೆಯನ್ನು ಕೇಳುತ್ತಾನೆ. ಆದರೆ ಗಣಕಯಂತ್ರದೊಳಗೆ ಒಂದು ಭೂಮಂಡಲವನ್ನೇ ಹೂಡಿ ಕೇಳುತ್ತಾನೆ.

ಆ ಭೂಮಂಡಲದ ರಚನೆ ಹೀಗೆ: ವಾಯುಮಂಡಲವನ್ನೂ ಕಡಲನ್ನೂ ಚೌಕಗಳಾಗಿಯೂ ಪದರಗಳಾಗಿಯೂ ವಿಭಾಗಿಸುವರು. ಪ್ರತಿಯೊಂದು ಕೋಣೆಗೂ ಉಷ್ಣ, ಒತ್ತಡ, ಗಾಳಿ, ತೇವ ಇವುಗಳ ಅಂಕಿಗಳನ್ನು ಕೊಡುವರು. ಬಳಿಕ ಚಲನೆಯ ಮತ್ತು ಉಷ್ಣದ ನಿಯಮಗಳಂತೆ, ಕೆಲವು ನಿಮಿಷಗಳಿಗೊಂದು ಹೆಜ್ಜೆಯಂತೆ ಲೆಕ್ಕವು ನೂರಾರು ವರ್ಷಗಳವರೆಗೆ ಸಾಗುತ್ತದೆ. ಇಂತಹ ಲೆಕ್ಕವನ್ನು ಬರಿಗೈಯಿಂದ ಮಾಡಿ ಸೋತ ಇಂಗ್ಲೆಂಡಿನ ರಿಚರ್ಡ್‌ಸನ್ನನು, 64,000 ಜನ ಒಟ್ಟಿಗೆ ಕುಳಿತು ಲೆಕ್ಕಿಸುವ ಮಹಾಶಾಲೆಯೊಂದನ್ನು 1922ರಲ್ಲಿ ಕಲ್ಪಿಸಿದ್ದನು. ಆ ಶಾಲೆಯ ಕೆಲಸವನ್ನು ಇಂದು ಯಂತ್ರ ಮಾಡುತ್ತಿದೆ.

ಆದರೆ ಒಂದು ತೊಡಕುಂಟು. ಅನೇಕ ಮಾದರಿಗಳಲ್ಲಿ ಒಂದು ಚೌಕದ ಅಗಲವೇ ಸುಮಾರು 100 ಕಿಲೋಮೀಟರು. ಸಹ್ಯಾದ್ರಿಯ ಮಳೆಗಾಡೂ ಹಾವೇರಿಯ ಎರೆಹೊಲವೂ ಒಂದೇ ಕೋಣೆಗೆ ಸೇರಿಬಿಡಬಹುದು. ಮೋಡವಂತೂ ಕೋಣೆಗಿಂತ ಎಷ್ಟೋ ಚಿಕ್ಕದು. ಅದನ್ನು ಒಟ್ಟಂದಾಜಿನ ಸೂತ್ರಗಳಿಂದಲೇ ಹಿಡಿಯಬೇಕು. ಮಾದರಿಗಳು ಎಡವುವುದು ಹೆಚ್ಚಾಗಿ ಇಲ್ಲಿಯೇ.

ಆದಕಾರಣ ಅವುಗಳನ್ನು ಒರೆಗೆ ಹಚ್ಚದೆ ನಂಬುವಂತಿಲ್ಲ. 1979ರಿಂದ 1988ರವರೆಗಿನ ಕಡಲಿನ ಉಷ್ಣದ ಅಂಕಿಗಳನ್ನು ಜಗತ್ತಿನ ಸುಮಾರು 30 ಮಾದರಿಗಳಿಗೆ ಉಣಿಸಿ, ಅವು ಆ ವರ್ಷಗಳ ಮಳೆಯನ್ನು ಮರಳಿ ಸುರಿಸಬಲ್ಲವೇ ಎಂದು ಪರೀಕ್ಷಿಸಲಾಯಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸುಲೋಚನಾ ಗಾಡ್ಗೀಳ್ ಅವರು ಸಂಗಡಿಗರೊಂದಿಗೆ ಆ ಫಲಿತಾಂಶಗಳನ್ನು ಶೋಧಿಸಿ 1998ರಲ್ಲಿ ಪ್ರಕಟಿಸಿದರು. ಕೆಲವು ಮಾದರಿಗಳು ಮುಂಗಾರಿನ ಮೋಡಸಾಲನ್ನು ಭಾರತದ ನೆಲಕ್ಕೆ ಕರೆತಂದರೆ, ಉಳಿದವು ಅದನ್ನು ವಿಷುವದ್ರೇಖೆಯ ಕಡಲಿನ ಮೇಲೆಯೇ ನಿಲ್ಲಿಸಿಬಿಟ್ಟಿದ್ದವು! ಇದಕ್ಕೆ ಪ್ರತಿಯಾಗಿ, 1991ರಲ್ಲಿ ಫಿಲಿಪೈನ್ಸಿನ ಪಿನಾಟುಬೊ ಜ್ವಾಲಾಮುಖಿ ಸಿಡಿದಾಗ ಭೂಮಿಯು ಸುಮಾರು ಅರ್ಧ ಡಿಗ್ರಿ ತಣಿಯುವುದೆಂದು ಮಾದರಿಯೊಂದು ಮುಂಗಂಡಿತು, ಹಾಗೆಯೇ ನಡೆಯಿತು. ಉಷ್ಣದ ವಿಷಯದಲ್ಲಿ ಗಟ್ಟಿ, ಮಳೆಯ ವಿಷಯದಲ್ಲಿ ಇನ್ನೂ ಎಳಸು: ಇದು ಪರೀಕ್ಷೆಗಳು ಕಲಿಸಿದ ಪಾಠ.

ಹಾಗಾದರೆ ಉಪಯೋಗವೇನು? ಮನುಷ್ಯನು ಹೊಗೆಯನ್ನೇ ಉಗುಳದಿದ್ದರೆ ಲೋಕ ಹೇಗಿರುತ್ತಿತ್ತೆಂಬುದನ್ನು ನಿಜವಾದ ಭೂಮಿಯಲ್ಲಿ ನೋಡಲಾಗದು, ಮಾದರಿಯಲ್ಲಿ ನೋಡಬಹುದು. ಹೊಗೆಯನ್ನು ಸೇರಿಸಿದಾಗಲಷ್ಟೇ ಲೆಕ್ಕದ ತಾಪವು ಅಳೆದ ತಾಪಕ್ಕೆ ಹೊಂದುತ್ತದೆ. ಪುಣೆಯ ಉಷ್ಣವಲಯ ಪವನವಿಜ್ಞಾನ ಸಂಸ್ಥೆಯ ವಿಜ್ಞಾನಿಗಳು ಕಟ್ಟಿದ ಭಾರತದ್ದೇ ಆದ ಮಾದರಿಯೂ ಈ ಜಾಗತಿಕ ಲೆಕ್ಕಾಚಾರದಲ್ಲಿ ಪಾಲುಗೊಂಡಿದೆ.

2050ರಲ್ಲಿ ಗಳಗನಾಥದಲ್ಲಿ ಯಾವ ದಿನ ಮಳೆ ಬಂದೀತೆಂದು ಮಾದರಿಯನ್ನು ಕೇಳಬಾರದು; ಅದು ಹೇಳಲಾರದು. ಗಾಳಿ ಒಂದು ಡಿಗ್ರಿ ಕಾದರೆ ಸುಮಾರು ಶೇಕಡ 7ರಷ್ಟು ಹೆಚ್ಚು ತೇವವನ್ನು ಹೊರಬಲ್ಲುದು. ಆದಕಾರಣ ಸುರಿದಾಗ ಜಡಿಮಳೆ ಹೆಚ್ಚುವುದೆಂದು ಮಾತ್ರ ಅದು ಹೇಳುತ್ತದೆ. ಸೇತುವೆಯ ಎತ್ತರವನ್ನು ನಿಶ್ಚಯಿಸುವ ಎಂಜಿನಿಯರನಿಗೂ, ಹೊಲಕ್ಕೆ ಬದು ಹಾಕಿ ಕೃಷಿಹೊಂಡ ತೋಡುವ ರೈತನಿಗೂ ಇಷ್ಟು ಸುಳಿವು ಸಣ್ಣದಲ್ಲ.