ಉಣ್ಣೆಯ ಹೊಟ್ಟೆಯಲ್ಲಿ ಬೆರೆಯುವ ತಳಿಗಳು

ಪೂರ್ವ ಆಫ್ರಿಕಾದ ದನಗಾಹಿಗಳನ್ನು ನೂರು ವರ್ಷಕ್ಕೂ ಹೆಚ್ಚು ಕಾಲದಿಂದ ಕಾಡುತ್ತಿರುವ ರೋಗ ಈಸ್ಟ್ ಕೋಸ್ಟ್ ಜ್ವರ. ಮೊದಲು ಕಿವಿಯ ಬುಡದ ಗ್ರಂಥಿ ಊದುತ್ತದೆ. ಆಮೇಲೆ ಜ್ವರ, ಏದುಸಿರು. ಕೊನೆಗೆ ಶ್ವಾಸಕೋಶದಲ್ಲಿ ನೀರು ತುಂಬಿ ಕೆಲವೇ ವಾರಗಳಲ್ಲಿ ಹಸು ಸಾಯುತ್ತದೆ. ರೋಗ ತರುವುದು ಥೈಲೇರಿಯಾ ಪಾರ್ವಾ ಎಂಬ ಏಕಕೋಶ ಪರಜೀವಿ. ಅದನ್ನು ಹೊತ್ತು ತಿರುಗುವುದು ದನದ ಕಿವಿಗೆ ಕಚ್ಚುವ ಕಂದು ಉಣ್ಣೆ.

ಈ ಪರಜೀವಿ ಹೊಕ್ಕ ಬಿಳಿ ರಕ್ತಕಣ ಸಾಯುವುದಿಲ್ಲ, ಕ್ಯಾನ್ಸರ್ ಕೋಶದಂತೆ ಎಡೆಬಿಡದೆ ಒಡೆಯತೊಡಗುತ್ತದೆ. ಕಣ ಎರಡಾಗುವಾಗ ವರ್ಣತಂತುಗಳನ್ನು ಅತ್ತಿತ್ತ ಎಳೆಯುವ ನೂಲುಗಳಿವೆಯಲ್ಲ, ಪರಜೀವಿಯೂ ಅವಕ್ಕೇ ಅಂಟಿಕೊಂಡು ಎರಡು ಪಾಲಾಗಿ ಎರಡೂ ಮರಿಕಣಗಳಿಗೆ ಸೇರುತ್ತದೆ. ಔಷಧಿಯಿಂದ ಪರಜೀವಿಯನ್ನು ಕೊಂದರೆ ಕಣದ ಈ ಹುಚ್ಚು ವಿಭಜನೆ ನಿಂತುಬಿಡುತ್ತದೆ. ಜೀವಜಗತ್ತಿನಲ್ಲಿ ಇಂಥದ್ದು ತೀರಾ ಅಪರೂಪ.

ಆದರೆ ಹಸುವಿನ ಮೈಯಲ್ಲಿ ನಡೆಯುವುದು ಬರೀ ನಕಲು ತೆಗೆಯುವ ಕೆಲಸ. ಗಂಡು-ಹೆಣ್ಣು ಕೂಡುವುದು ಉಣ್ಣೆಯ ಕರುಳಿನಲ್ಲಿ. ಬಹಳ ಸಲ ಉಣ್ಣೆ ಕಚ್ಚಿಸಿಕೊಂಡ ದನದ ರಕ್ತದಲ್ಲಿ ಒಂದೇ ಪ್ರಭೇದದ ಹಲವು ತಳಿಗಳು ಒಟ್ಟಿಗೇ ಇರುತ್ತವೆ. ಮರಿ ಉಣ್ಣೆ ಆ ರಕ್ತ ಕುಡಿದಾಗ ತಳಿಗಳು ಬೆರೆತು, ಜೀನ್‌ಗಳು ಅದಲುಬದಲಾಗುತ್ತವೆ. ಮರಿ ಉಣ್ಣೆ ಕೆಳಗುದುರಿ, ಪೊರೆ ಕಳಚಿ ಬೆಳೆದು ಇನ್ನೊಂದು ದನವನ್ನು ಕಚ್ಚಿದಾಗ ಅದರ ಜೊಲ್ಲಿನಲ್ಲಿ ಇಳಿಯುವುದು ಮೊದಲಿನ ಯಾವ ತಳಿಯೂ ಅಲ್ಲದ ಹೊಸತಾಗಿರಬಹುದು. ಸೂಕ್ಷ್ಮದರ್ಶಕದಲ್ಲಿ ಇವೆಲ್ಲ ಒಂದೇ ಥರ ಕಾಣುತ್ತವೆ. ಬೇರೆ ಬೇರೆ ಎಂದು ತಿಳಿಯಲು ಡಿಎನ್‌ಎ ನೋಡಬೇಕು.

ಲಸಿಕೆ ಮಾಡಹೊರಟವರಿಗೆ ಇದೇ ದೊಡ್ಡ ತೊಡಕಾಯಿತು. ಒಂದು ತಳಿಯಿಂದ ಬಂದ ರಕ್ಷಣೆ ಇನ್ನೊಂದರ ಎದುರು ಸೋಲುತ್ತಿತ್ತು. 1970ರ ದಶಕದಲ್ಲಿ ಕೀನ್ಯಾದ ಮುಗುಗದಲ್ಲಿ ಮೂರು ತಳಿಗಳನ್ನು ಕೂಡಿಸಿದರು: ಮುಗುಗ, ಕಿಯಾಂಬು-5, ಸೆರೆಂಗೆಟಿ. ಸೋಂಕಿತ ಉಣ್ಣೆಗಳನ್ನು ಅರೆದು ತೆಗೆದ ಜೀವಂತ ಪರಜೀವಿಗಳನ್ನು ದನಕ್ಕೆ ಚುಚ್ಚಿ, ಜೊತೆಗೇ ದೀರ್ಘಕಾಲ ಕೆಲಸ ಮಾಡುವ ಟೆಟ್ರಾಸೈಕ್ಲಿನ್ ಕೊಡುತ್ತಾರೆ. ರೋಗ ಬಂದೂ ಬಾರದಂತಾಗಿ ಹಸು ಗೆಲ್ಲುತ್ತದೆ. ಈ ಲಸಿಕೆ ಇಂದಿಗೂ ಬಳಕೆಯಲ್ಲಿದೆ. 2015ರಲ್ಲಿ ಮೂರರ ಜೀನೋಮುಗಳನ್ನು ಓದಿದಾಗ ಗೊತ್ತಾದದ್ದು ನನ್ನನ್ನು ಬೆರಗುಗೊಳಿಸಿತು. ಮುಗುಗಕ್ಕೂ ಸೆರೆಂಗೆಟಿಗೂ ಇರುವ ವ್ಯತ್ಯಾಸ ಕೆಲವೇ ನೂರು ಅಕ್ಷರಗಳದ್ದು. ಕಿಯಾಂಬುವಿನದು ಐವತ್ತು ಸಾವಿರಕ್ಕೂ ಹೆಚ್ಚು. ಅಂದರೆ ಮೂರು ಎಂದುಕೊಂಡದ್ದು ಹೆಚ್ಚುಕಡಿಮೆ ಎರಡೇ. ಅತ್ತ ಆಫ್ರಿಕಾದ ಕಾಡೆಮ್ಮೆಗಳು ತಾವು ನರಳದೆ ಇನ್ನೂ ಹೆಚ್ಚು ವೈವಿಧ್ಯದ ತಳಿಗಳನ್ನು ಹೊತ್ತು ಮೇಯುತ್ತವೆ. ಅವುಗಳಿಂದ ಬರುವ ಪರಜೀವಿ ಲಸಿಕೆ ಹಾಕಿಸಿಕೊಂಡ ದನವನ್ನೂ ಕೆಡವಬಲ್ಲದು.

ನಮ್ಮಲ್ಲಿರುವುದು ಇದರ ಸೋದರ, ಥೈಲೇರಿಯಾ ಆ್ಯನ್ಯುಲೇಟಾ. ಹಯಲೋಮ್ಮ ಜಾತಿಯ ಉಣ್ಣೆಗಳು ಅದನ್ನು ಹರಡುತ್ತವೆ. ಕೊಟ್ಟಿಗೆಯ ಗೋಡೆಯ ಬಿರುಕಿನಲ್ಲಿ ಅಡಗಿರುವುದು ಇವೇ. ನಾಟಿ ದನ ಸಾಮಾನ್ಯವಾಗಿ ತಡೆದುಕೊಳ್ಳುತ್ತದೆ, ಎಚ್‌ಎಫ್, ಜರ್ಸಿ ಮಿಶ್ರತಳಿ ಹಸು ಮಲಗಿಬಿಡುತ್ತದೆ. ಬ್ಯೂಪಾರ್ವಕ್ವೋನ್ ಚುಚ್ಚುಮದ್ದು ಹಸುವನ್ನು ಎಬ್ಬಿಸುತ್ತದೆ. ಆದರೆ ಎದ್ದ ಹಸುವಿನ ರಕ್ತದಲ್ಲಿ ಪರಜೀವಿ ಅಲ್ಪಸ್ವಲ್ಪ ಉಳಿದು, ಮುಂದಿನ ಉಣ್ಣೆಗೆ ಸಿಗುತ್ತದೆ. ಟ್ಯುನೀಸಿಯಾ, ಇರಾನ್‌ಗಳಲ್ಲಿ ಈ ಔಷಧಿಗೆ ಬಗ್ಗದ ಪರಜೀವಿಗಳು ಆಗಲೇ ಸಿಕ್ಕಿವೆ. ಸೈಟೋಕ್ರೋಮ್ ಬಿ ಎಂಬ ಜೀನ್‌ನ ಸಣ್ಣ ಬದಲಾವಣೆ ಅದಕ್ಕೆ ಕಾರಣ. ಹಾಗಾಗಿ ದುಬಾರಿ ಎಂದು ಅರ್ಧ ಡೋಸ್ ಕೊಡಿಸುವುದು ತರವಲ್ಲ. ಕಿಲೋ ತೂಕಕ್ಕೆ 2.5 ಮಿಲಿಗ್ರಾಮ್ ಲೆಕ್ಕದಲ್ಲಿ ಪೂರ್ತಿ ಕೊಡಿಸಿ, ಗೋಡೆಯ ಬಿರುಕುಗಳನ್ನು ಮುಚ್ಚಿಸಬೇಕು. ಮೈಮೇಲಿನ ಉಣ್ಣೆಯನ್ನು ಕಂಡ ದಿನವೇ ಕೀಳಬೇಕು. ಕಚ್ಚಿ ಎರಡು-ಮೂರು ದಿನ ರಕ್ತ ಹೀರಿದ ಮೇಲಷ್ಟೇ ಸಾಮಾನ್ಯವಾಗಿ ಅದರ ಜೊಲ್ಲುಗ್ರಂಥಿಯಲ್ಲಿ ಪರಜೀವಿ ಬಲಿಯುವುದು.