ಬಿಸಿಲು, ಅಂಗಕಸಿ ಮತ್ತು ಬಿ3 ಜೀವಸತ್ವ

ಗದಗ ತಾಲ್ಲೂಕಿನ ಸೊರಟೂರ ಸೀಮೆಯಲ್ಲಿ ಜೋಳದ ರೊಟ್ಟಿಯೇ ಊಟದ ಆಧಾರ. ಹಿಂದೆ ದಖ್ಖನಿನಲ್ಲಿ ಜೋಳವೊಂದನ್ನೇ ನೆಚ್ಚಿದ ಬಡವರಿಗೆ ಪೆಲಗ್ರ ತಗಲುತ್ತಿತ್ತು. ಇದನ್ನು 1960ರಲ್ಲಿ ಸಿ. ಗೋಪಾಲನ್ ಮತ್ತು ಎಸ್.ಜಿ. ಶ್ರೀಕಂಠಯ್ಯ ವಿವರಿಸಿದರು. ಬಿ3 ಕೊರತೆಯ ಈ ರೋಗದಲ್ಲಿ ಬಿಸಿಲು ಬಿದ್ದ ಚರ್ಮ ಕಪ್ಪಾಗಿ ಒರಟಾಗುತ್ತದೆ.

ಬಿಸಿಲಿಗೂ ಬಿ3ಗೂ ಏನು ಸಂಬಂಧ? 300 ನ್ಯಾನೊಮೀಟರ್ ತರಂಗಾಂತರದ ಅತಿನೇರಳೆ ಫೋಟಾನಿನ ಶಕ್ತಿ ಸುಮಾರು 4.1 ಎಲೆಕ್ಟ್ರಾನ್ ವೋಲ್ಟ್. ಅದನ್ನು ಹೀರಿದ ಡಿ.ಎನ್.ಎ.ಯಲ್ಲಿ ಅಕ್ಕಪಕ್ಕದ ಥೈಮಿನ್‌ಗಳು ಪರಸ್ಪರ ಬೆಸೆದುಕೊಳ್ಳಬಹುದು. ಇದರ ದುರಸ್ತಿಗೆ ಜೀವಕೋಶಕ್ಕೆ ಶಕ್ತಿ ಬೇಕು. ಶಕ್ತಿಯ ಉತ್ಪಾದನೆಗೆ ಅಗತ್ಯವಾದ ಎನ್.ಎ.ಡಿ. ಎಂಬ ವಸ್ತುವನ್ನು ಕೋಶವು ಬಿ3ಯ ಒಂದು ರೂಪವಾದ ನಿಕೋಟಿನಮೈಡ್‌ನಿಂದ ತಯಾರಿಸುತ್ತದೆ.

ದುರಸ್ತಿಯಾಗದ ಕೋಶ ಕ್ಯಾನ್ಸರಿನತ್ತ ಹೊರಳಿದರೆ, ರೋಗರಕ್ಷಣಾ ವ್ಯವಸ್ಥೆ ಅದನ್ನು ಗುರುತಿಸಿ ನಾಶಪಡಿಸಬಲ್ಲದು. ಆದರೆ ಮೂತ್ರಪಿಂಡ ಮುಂತಾದ ಅಂಗದ ಕಸಿಯಾದವರು, ಹೊಸ ಅಂಗ ಉಳಿಯಲೆಂದು, ಈ ವ್ಯವಸ್ಥೆಯನ್ನು ಔಷಧಗಳಿಂದ ತಗ್ಗಿಸಿಕೊಂಡಿರುತ್ತಾರೆ. ಹೀಗಾಗಿ ಅವರಲ್ಲಿ, ಅದರಲ್ಲೂ ಬಿಳಿ ಚರ್ಮದವರಲ್ಲಿ, ಚರ್ಮದ ಕ್ಯಾನ್ಸರ್ ಹೆಚ್ಚು.

ಹಾಗಾದರೆ ಬಿ3 ಗುಳಿಗೆ ನೆರವಾಗುವುದೆ? ಹಿಂದೆ ಚರ್ಮದ ಕ್ಯಾನ್ಸರ್ ಆಗಿದ್ದ 386 ಮಂದಿಯ ಮೇಲೆ ಆಸ್ಟ್ರೇಲಿಯದಲ್ಲಿ ಪರೀಕ್ಷೆ ನಡೆಯಿತು. ದಿನಕ್ಕೆ ಎರಡು ಬಾರಿ 500 ಮಿಲಿಗ್ರಾಂ ನಿಕೋಟಿನಮೈಡ್ ಸೇವಿಸಿದವರಲ್ಲಿ ಒಂದು ವರ್ಷದಲ್ಲಿ ಹೊಸ ಕ್ಯಾನ್ಸರ್ ಶೇ. 23ರಷ್ಟು ಕಡಿಮೆಯಾಯಿತೆಂದು 2015ರಲ್ಲಿ ಪ್ರಕಟವಾಯಿತು. ಅಂಗಕಸಿಯಾದ 158 ಮಂದಿಯ ಇಂಥದೇ ಪರೀಕ್ಷೆಯ ಫಲಿತಾಂಶ 2023ರಲ್ಲಿ ಬಂತು: ಗುಳಿಗೆ ಪಡೆದವರಲ್ಲಿ 207 ಹೊಸ ಕ್ಯಾನ್ಸರ್‌ಗಳು, ಹುಸಿಗುಳಿಗೆ ಪಡೆದವರಲ್ಲಿ 210. ಸಾಕಷ್ಟು ಜನ ಸೇರದೆ ಈ ಪರೀಕ್ಷೆ ಬೇಗ ನಿಂತಿತ್ತು. ಆದರೂ ಲಾಭ ಕಂಡುಬರಲಿಲ್ಲ.

ಕೊರತೆಯನ್ನು ನೀಗಿಸುವುದು ಬೇರೆ, ಕ್ಯಾನ್ಸರನ್ನು ತಡೆಯುವುದು ಬೇರೆ. ಕಸಿಯಾದವರಿಗೆ ನೆರಳು, ತುಂಬುತೋಳಿನ ಅಂಗಿ, ಟೊಪ್ಪಿಗೆ, ಕಾಲಕಾಲಕ್ಕೆ ಚರ್ಮದ ತಪಾಸಣೆ ಇವೇ ರಕ್ಷೆ. ವೈದ್ಯರನ್ನು ಕೇಳದೆ ಗುಳಿಗೆ ಸೇರಿಸುವುದಾಗಲಿ, ಕಸಿಯ ಔಷಧ ಬಿಡುವುದಾಗಲಿ ಸಲ್ಲದು.